ಸಿಂಗಪುರದಲ್ಲಿ ಬಿಡುವಿನ ಒಂದು ದಿನ: ಹಳೆಯ ಊರನ್ನು ನೋಡಿ, ಸಸ್ಯಾಹಾರ ಉಂಡು ಬರುವುದು ಹೇಗೆ?

ಪ್ರಶ್ನೆ: ಮಂಡ್ಯದ ಪ್ರಯಾಣಿಕ

ಎಲ್ಲರಿಗೂ ನಮಸ್ಕಾರ. ಈ ಬಾರಿಯ ದಸರಾ ರಜೆಯಲ್ಲಿ ನಾನು, ನನ್ನ ಪತ್ನಿ, ಹೈಸ್ಕೂಲಿನಲ್ಲಿ ಓದುತ್ತಿರುವ ಮಗಳು ಮತ್ತು ನಮ್ಮ ಅತ್ತೆಯವರು ಸಿಂಗಪುರಕ್ಕೆ ಹೋಗುತ್ತಿದ್ದೇವೆ. ಹೆಚ್ಚಿನ ದಿನಗಳನ್ನು ಟ್ರಾವೆಲ್ಸ್‌ನವರೇ ತುಂಬಿಸಿಬಿಟ್ಟಿದ್ದಾರೆ. ಸೆಂಟೋಸಾ, ಪ್ರಾಣಿ ಸಂಗ್ರಹಾಲಯ ಮುಂತಾದವೆಲ್ಲ ಅವರ ವ್ಯಾನಿನಲ್ಲೇ ಮುಗಿಯುತ್ತವೆ. ನಡುವೆ ಒಂದು ದಿನವನ್ನು ಮಾತ್ರ ‘ಶಾಪಿಂಗ್‌ಗೆ ಬಿಡುವು’ ಎಂದು ನಮೂದಿಸಿ ನಮ್ಮ ಪಾಲಿಗೆ ಬಿಟ್ಟಿದ್ದಾರೆ. ಶಾಪಿಂಗ್‌ನಲ್ಲಿ ನಮಗೆ ಯಾರಿಗೂ ಅಂಥ ಆಸಕ್ತಿಯಿಲ್ಲ. ಆ ಒಂದು ದಿನ ಊರಿನ ಹಳೆಯ ಬೀದಿಗಳಲ್ಲಿ ಓಡಾಡಿ, ಅಲ್ಲಿಯ ಜನ ತಿನ್ನುವುದರಲ್ಲಿ ನಮಗೆ ಒಗ್ಗುವಂಥದ್ದನ್ನು ತಿಂದು ಬರಬೇಕೆಂಬುದು ನಮ್ಮ ಆಸೆ.

ನಾನು ಹಾಕಿಕೊಂಡಿರುವ ಯೋಜನೆ ಹೀಗಿದೆ. ಬೆಳಿಗ್ಗೆ ಮೊದಲು ಸಿಂಹದ ತಲೆ, ಮೀನಿನ ಮೈಯ ಮರ್ಲಯನ್ ಪ್ರತಿಮೆ, ಅಲ್ಲಿಂದ ಬೊಟಾನಿಕ್ ಗಾರ್ಡನ್ಸ್, ಮಧ್ಯಾಹ್ನ ಲಿಟಲ್ ಇಂಡಿಯಾದಲ್ಲಿ ಊಟ, ಊಟವಾದ ಮೇಲೆ ಚೈನಾಟೌನ್, ನಂತರ ಅರಬ್ ಸ್ಟ್ರೀಟಿನ ಮಸೀದಿ, ಆರ್ಚರ್ಡ್ ರಸ್ತೆ, ಸಂಜೆ ಗಾರ್ಡನ್ಸ್ ಬೈ ದ ಬೇ, ರಾತ್ರಿ ಮುಸ್ತಾಫಾ ಮಳಿಗೆ. ಪಟ್ಟಿಯನ್ನು ನೋಡಿದ ನನ್ನ ಪತ್ನಿ, ನಾವು ಹೊರಟಿರುವುದು ಪ್ರವಾಸಕ್ಕೋ ಜನಗಣತಿಗೋ ಎಂದು ಕೇಳಿದಳು. ಅದರಲ್ಲಿ ಸತ್ಯವಿದೆ ಎಂದು ನನಗೂ ಅನ್ನಿಸಿದೆ, ಆದರೆ ಯಾವುದನ್ನು ಬಿಡಬೇಕೆಂದು ತಿಳಿಯುತ್ತಿಲ್ಲ.

ತಿಳಿಸಬೇಕಾದ ಇನ್ನೆರಡು ಸಂಗತಿಗಳಿವೆ. ಅತ್ತೆಯವರು ಸಮತಟ್ಟಾದ ನೆಲದಲ್ಲಿ ಚೆನ್ನಾಗಿಯೇ ನಡೆಯುತ್ತಾರೆ, ಆದರೆ ಮೆಟ್ಟಿಲು ಹತ್ತಿಳಿಯುವುದಕ್ಕೆ ಮಂಡಿನೋವು ಬಿಡುವುದಿಲ್ಲ. ಅವರದು ಕಟ್ಟುನಿಟ್ಟಾದ ಸಸ್ಯಾಹಾರ. ಮೊಟ್ಟೆಯನ್ನು ಮುಟ್ಟುವುದಿಲ್ಲ, ನವರಾತ್ರಿಯಾದ್ದರಿಂದ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲದಿದ್ದರೆ ಒಳ್ಳೆಯದು ಎನ್ನುತ್ತಾರೆ. ಉಳಿದ ಮೂವರಿಗೆ ಮೊಟ್ಟೆಯವರೆಗೆ ಅಭ್ಯಂತರವಿಲ್ಲ. ನಮ್ಮ ಹೋಟೆಲು ಬೂಗಿಸ್ ಎಂಬ ಮೆಟ್ರೋ ನಿಲ್ದಾಣಕ್ಕೆ ಹತ್ತಿರದಲ್ಲಿದೆ ಎಂದಿದ್ದಾರೆ. ಅಲ್ಲಿ ಇದ್ದು ಬಂದವರು ದಯವಿಟ್ಟು ಸಲಹೆ ಕೊಡಬೇಕು.

ಉತ್ತರ: ಕುವೆಂಪುನಗರ ನಿವಾಸಿ

ನಮಸ್ಕಾರ ಸರ್. ಮಗನ ಮನೆಯಲ್ಲಿದ್ದುಕೊಂಡು ಆ ಊರನ್ನು ನಿಧಾನವಾಗಿ ಸುತ್ತಿದವನಾಗಿ ಈ ಮಾತುಗಳನ್ನು ಬರೆಯುತ್ತಿದ್ದೇನೆ. ನಿಮ್ಮ ಹೋಟೆಲು ಬೂಗಿಸ್‌ನಲ್ಲಿರುವುದು ನಿಮ್ಮ ಅದೃಷ್ಟ. ನಕ್ಷೆಯಲ್ಲಿ ನೀಲಿ ಬಣ್ಣದಲ್ಲಿ ತೋರಿಸುವ ಡೌನ್‌ಟೌನ್ ಮಾರ್ಗವೊಂದೇ ಬೊಟಾನಿಕ್ ಗಾರ್ಡನ್ಸ್, ಲಿಟಲ್ ಇಂಡಿಯಾ, ಬೂಗಿಸ್, ಬೇಫ್ರಂಟ್, ಚೈನಾಟೌನ್ ಇಷ್ಟನ್ನೂ ಇದೇ ಕ್ರಮದಲ್ಲಿ ಪೋಣಿಸಿಕೊಂಡು ಹೋಗುತ್ತದೆ. ಆ ಮಾರ್ಗವನ್ನು ಬಿಟ್ಟು ಬೇರೆ ರೈಲು ಹತ್ತುವುದಿಲ್ಲವೆಂದು ತೀರ್ಮಾನಿಸಿಕೊಂಡರೆ ನಿಮ್ಮ ಪಟ್ಟಿ ತಾನಾಗಿಯೇ ತೆಳುವಾಗುತ್ತದೆ. ಆರ್ಚರ್ಡ್ ರಸ್ತೆ ಎಂದರೆ ಮಾಲ್‌ಗಳ ಸಾಲು. ಶಾಪಿಂಗ್ ಬೇಡವೆನ್ನುವವರಿಗೆ ಅಲ್ಲಿ ಕೆಲಸವಿಲ್ಲ. ಮುಸ್ತಾಫಾವನ್ನೂ ಅದೇ ಕಾರಣಕ್ಕೆ ಬಿಡಿ. 8.6 ಮೀಟರ್ ಎತ್ತರದ ಮರ್ಲಯನ್ ಪ್ರತಿಮೆಯ ಎದುರು ನಿಂತು ಫೋಟೋ ತೆಗೆಸಿಕೊಳ್ಳುವುದಕ್ಕೆ ಹತ್ತು ನಿಮಿಷ ಸಾಕು, ಆದರೆ ಆ ಹತ್ತು ನಿಮಿಷಕ್ಕಾಗಿ ಬೆಳಗಿನ ತಂಪು ಹೊತ್ತನ್ನೆಲ್ಲ ಕಳೆದುಕೊಳ್ಳುವುದು ಜಾಣತನವಲ್ಲ. ಸಂಜೆ ಕೊಲ್ಲಿಯ ಈಚೆ ದಡದಿಂದಲೇ ಅದನ್ನು ನೋಡಬಹುದು.

ಆ ಊರಿನಲ್ಲಿ ಒಂದು ದಿನವನ್ನು ಗಡಿಯಾರಕ್ಕಿಂತ ಬಿಸಿಲನ್ನು ನೋಡಿಕೊಂಡು ಹಂಚಿಕೊಳ್ಳಬೇಕು. ಸಿಂಗಪುರವು ಸಮಭಾಜಕ ವೃತ್ತಕ್ಕೆ ಬರೀ ಒಂದು ಡಿಗ್ರಿಯಷ್ಟು ಉತ್ತರದಲ್ಲಿದೆ. ವರ್ಷವಿಡೀ ಸೂರ್ಯ ಏಳು ಗಂಟೆಯ ಸುಮಾರಿಗೆ ಹುಟ್ಟಿ ಏಳರ ಸುಮಾರಿಗೆ ಮುಳುಗುತ್ತಾನೆ, ಮತ್ತು ಹನ್ನೊಂದರಿಂದ ನಾಲ್ಕರವರೆಗೆ ಮೈಯೆಲ್ಲ ಅಂಟುವಂಥ ಸೆಕೆ ಇರುತ್ತದೆ. ಮೈಸೂರಿನ ಗಾಳಿಗೆ ಒಗ್ಗಿದ ನಮ್ಮಂಥವರು ಅದನ್ನು ಲಘುವಾಗಿ ತೆಗೆದುಕೊಳ್ಳಬಾರದು.

ಆದ್ದರಿಂದ ಬೆಳಿಗ್ಗೆ ಏಳೂವರೆಗೆಲ್ಲ ಬೊಟಾನಿಕ್ ಗಾರ್ಡನ್ಸ್‌ನಲ್ಲಿರಿ. ಬೂಗಿಸ್‌ನಿಂದ ಐದನೆಯ ನಿಲ್ದಾಣ. ಪ್ರವೇಶ ಉಚಿತ, ಬೆಳಗಿನ ಐದಕ್ಕೇ ತೆರೆದಿರುತ್ತದೆ. 1859ರಲ್ಲಿ ಆರಂಭವಾದ ಈ ತೋಟಕ್ಕೆ 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಮಾನ್ಯತೆ ದೊರೆಯಿತು. ನಿಮ್ಮ ಮಗಳಿಗೆ ಇಲ್ಲಿಯ ರಬ್ಬರ್ ಕಥೆಯನ್ನು ತಪ್ಪದೆ ಹೇಳಿ. ಬ್ರೆಜಿಲ್ ಮೂಲದ ರಬ್ಬರ್ ಸಸಿಗಳು ಲಂಡನ್ನಿನ ಕ್ಯೂ ತೋಟದ ಮೂಲಕ 1877ರಲ್ಲಿ ಇಲ್ಲಿಗೆ ಬಂದವು. ಮರಕ್ಕೆ ಹಾನಿಯಾಗದಂತೆ, ಮತ್ತೆ ಮತ್ತೆ ತೊಗಟೆಯನ್ನು ಓರೆಯಾಗಿ ಗೀರಿ ಹಾಲು ತೆಗೆಯುವ ಕ್ರಮವನ್ನು ಈ ತೋಟದ ನಿರ್ದೇಶಕರಾಗಿದ್ದ ಹೆನ್ರಿ ರಿಡ್ಲಿಯವರು ಇಲ್ಲಿಯೇ ರೂಪಿಸಿದರು. ಮಲಯ ನಾಡಿನ ರಬ್ಬರ್ ತೋಟಗಳೆಲ್ಲ ಬೆಳೆದದ್ದು ಆ ಕೆಲಸದ ಬೆನ್ನಿಗೆ. ಒಳಗಿರುವ ಆರ್ಕಿಡ್ ತೋಟ ಎಂಟೂವರೆಗೆ ತೆರೆಯುತ್ತದೆ, ಅದಕ್ಕೆ ಮಾತ್ರ ಟಿಕೆಟ್ ಉಂಟು. ಅತ್ತೆಯವರಿಗೆ ಹೂವಿನ ಗಿಡಗಳೆಂದರೆ ಇಷ್ಟವಾಗಿದ್ದರೆ ಅಲ್ಲಿಂದ ಅವರನ್ನು ಹೊರಡಿಸುವುದೇ ನಿಮಗೆ ಕಷ್ಟವಾದೀತು. 1893ರಲ್ಲಿ ಆಗ್ನೆಸ್ ಜೋಕಿಮ್ ಎಂಬ ಮಹಿಳೆಯ ತೋಟದಲ್ಲಿ ಬೆಳಕಿಗೆ ಬಂದು, ಅವರ ಹೆಸರನ್ನೇ ಹೊತ್ತು, 1981ರಿಂದ ಆ ದೇಶದ ರಾಷ್ಟ್ರೀಯ ಪುಷ್ಪವಾಗಿರುವ ತಿಳಿ ನೇರಳೆ ಆರ್ಕಿಡ್ ಅಲ್ಲಿ ಸಾಲುಸಾಲಾಗಿ ಅರಳಿ ನಿಂತಿರುತ್ತದೆ. ಮೆಟ್ರೋ ನಿಲ್ದಾಣವು ತೋಟದ ಒಂದು ತುದಿಯಲ್ಲಿದ್ದು, ಆರ್ಕಿಡ್ ತೋಟ ನಡುಭಾಗದಲ್ಲಿರುವುದರಿಂದ ಸುಮಾರು ಇಪ್ಪತ್ತು ನಿಮಿಷದ ನಡಿಗೆ ಬೇಕಾಗುತ್ತದೆ. ದಾರಿಯುದ್ದಕ್ಕೂ ಕಲ್ಲುಬೆಂಚುಗಳೂ ನೆರಳೂ ಇವೆ.

ಹತ್ತೂವರೆಗೆ ಹೊರಟು ಮೂರು ನಿಲ್ದಾಣ ಹಿಂದಕ್ಕೆ ಬಂದರೆ ಲಿಟಲ್ ಇಂಡಿಯಾ. ಸೆರಾಂಗೂನ್ ರಸ್ತೆಯ ವೀರಮಾಕಾಳಿಯಮ್ಮನ್ ದೇವಸ್ಥಾನವನ್ನು ಮಧ್ಯಾಹ್ನ ಬಾಗಿಲು ಹಾಕುವ ಮೊದಲು ನೋಡಿಕೊಳ್ಳಿ. ದೀಪಾವಳಿಯ ಅಲಂಕಾರಕ್ಕೆ ಆ ರಸ್ತೆ ವಾರಗಳ ಮೊದಲೇ ಸಜ್ಜಾಗುತ್ತದೆ. ಪಕ್ಕದ ಕೆರ್ಬಾವ್ ರಸ್ತೆಯಲ್ಲಿ ಕಿಟಕಿಯ ಒಂದೊಂದು ಪಟ್ಟಿಗೂ ಒಂದೊಂದು ಬಣ್ಣ ಬಳಿದ ಮನೆಯೊಂದಿದೆ. ಅದು 1900ರಲ್ಲಿ ಮಿಠಾಯಿ ಕಾರ್ಖಾನೆಗಳ ಒಡೆಯನಾಗಿದ್ದ ತಾನ್ ತೆಂಗ್ ನಿಯಾ ಎಂಬ ಚೀನೀ ವರ್ತಕ ಕಟ್ಟಿಸಿದ್ದು. ಊಟವನ್ನು ಸೆರಾಂಗೂನ್ ರಸ್ತೆಯಲ್ಲೇ, 1947ರಿಂದ ನಡೆದುಕೊಂಡು ಬಂದಿರುವ ಕೋಮಲ ವಿಲಾಸ್‌ನಲ್ಲಿ ಮುಗಿಸಿ. ಬಾಳೆಎಲೆಯಲ್ಲಿ ಅನ್ನ ಸಾರು ಪಲ್ಯ ಬಡಿಸುತ್ತಾರೆ. ಅತ್ತೆಯವರಿಗೆ ಯಾವ ಅನುಮಾನವೂ ಇಲ್ಲದೆ ಉಣ್ಣಬಹುದಾದ ಜಾಗ. ನಂತರ ಹೋಟೆಲಿಗೆ ಮರಳಿ, ನಾಲ್ಕರವರೆಗೆ ಮಲಗಿ. ಪರದೇಶಕ್ಕೆ ಹೋಗಿ ಮಧ್ಯಾಹ್ನ ಮಲಗುವುದೇ ಎಂದು ಮಗಳು ಮುಖ ಸಿಂಡರಿಸಿದರೂ ಬಿಡಬೇಡಿ. ಸಂಜೆ ಅರಬ್ ಸ್ಟ್ರೀಟಿನ ಕಡೆ ನಡೆದು, ಏಳು ಗಂಟೆಗೆ ಬೇಫ್ರಂಟ್ ನಿಲ್ದಾಣದಲ್ಲಿ ಇಳಿದರೆ ಗಾರ್ಡನ್ಸ್ ಬೈ ದ ಬೇ ಉದ್ಯಾನದ ಏಳು ಮುಕ್ಕಾಲಿನ ದೀಪಪ್ರದರ್ಶನ ಸಿಗುತ್ತದೆ.

ಉತ್ತರ: ಒಂಟಿಕೊಪ್ಪಲಿನವಳು

ಮೇಲಿನವರ ಬಿಸಿಲಿನ ಲೆಕ್ಕಾಚಾರವನ್ನು ಪೂರ್ತಿ ಒಪ್ಪುತ್ತೇನೆ, ಊಟದ ವಿಚಾರದಲ್ಲಿ ಮಾತ್ರ ಅವರ ಜೊತೆ ನನ್ನ ತಕರಾರಿದೆ. ಇಷ್ಟು ದೂರ ವಿಮಾನದಲ್ಲಿ ಹೋಗಿ ಸಾಂಬಾರನ್ನೇ ಹುಡುಕಿಕೊಂಡು ಹೋಗಬೇಕೇ? ಸೆರಾಂಗೂನ್ ರಸ್ತೆಯಲ್ಲಿ ನಮ್ಮ ಎಂ.ಟಿ.ಆರ್. ಶಾಖೆಯೂ ಇದೆ, ಹಾಗೆಂದು ಅಲ್ಲಿ ಕುಳಿತು ರವೆ ಇಡ್ಲಿ ತಿಂದು ಬಂದರೆ ಊರು ನೋಡಿದಂತಾಯಿತೇ? ನಿಮ್ಮ ಅತ್ತೆಯವರ ನಿಯಮವೇ ನಿಮಗೆ ಅಲ್ಲಿಯ ಒಳ್ಳೆಯ ಊಟದ ದಾರಿ ತೋರಿಸುತ್ತದೆ. ಚೀನೀ ಬೌದ್ಧರಲ್ಲಿ ವ್ರತದ ಊಟ ಮಾಡುವವರು ಮಾಂಸದ ಜೊತೆಗೆ ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ಹಲವು ತಿಂಡಿ ಅಂಗಡಿಗಳು ಒಂದೇ ಸೂರಿನಡಿ ಇರುವ ಹಾಕರ್ ಸೆಂಟರುಗಳಲ್ಲಿ ಅನೇಕ ಕಡೆ ಆ ಪದ್ಧತಿಯ ಸಸ್ಯಾಹಾರಿ ಅಂಗಡಿ ಒಂದಾದರೂ ಇರುತ್ತದೆ. ನಿಮ್ಮ ಹೋಟೆಲಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ಮಿಡ್ಲ್ ರಸ್ತೆಯಲ್ಲಿ, ಫಾರ್ಚೂನ್ ಸೆಂಟರ್ ಎಂಬ ಹಳೆಯ ಕಟ್ಟಡವಿದೆ. ಅದು ಇಂಥ ಸಸ್ಯಾಹಾರಿ ಅಂಗಡಿಗಳಿಗೇ ಹೆಸರಾದದ್ದು.

ಅದಕ್ಕಿಂತ ಮುಖ್ಯವಾಗಿ, ಆ ಕಟ್ಟಡದ ಪಕ್ಕದಲ್ಲೇ ವಾಟರ್‌ಲೂ ಸ್ಟ್ರೀಟ್ ಇದೆ, ಅದನ್ನು ನಿಮ್ಮ ಪಟ್ಟಿಯಲ್ಲಿ ಕಾಣದೆ ನನಗೆ ಬೇಸರವಾಯಿತು. ಅಲ್ಲಿ 1870ರ ಕೃಷ್ಣನ ದೇವಸ್ಥಾನವೂ 1884ರ ಕರುಣಾದೇವಿ ಗುವಾನ್ ಇನ್ ದೇವಾಲಯವೂ ಅಕ್ಕಪಕ್ಕದಲ್ಲಿವೆ. ಚೀನೀ ದೇವಾಲಯದ ಒಳಗೆ ಜನ ನೆಲದ ಮೇಲೆ ಮಂಡಿಯೂರಿ, ಬಿದಿರಿನ ಕೊಳವೆಯಲ್ಲಿರುವ ಶಕುನದ ಕಡ್ಡಿಗಳನ್ನು ಒಂದು ಹೊರಗೆ ಜಾರಿ ಬೀಳುವ ತನಕ ಕಟಕಟನೆ ಅಲುಗಾಡಿಸುತ್ತಿರುತ್ತಾರೆ. ಅಲ್ಲಿಂದ ಹೊರಬಂದವರಲ್ಲಿ ಎಷ್ಟೋ ಮಂದಿ ಹಾಗೆಯೇ ಕೃಷ್ಣನ ಬಾಗಿಲಿಗೆ ಬಂದು, ಎರಡು ಕೈಗಳಲ್ಲೂ ಊದಿನಕಡ್ಡಿ ಹಿಡಿದು ಮೂರು ಸಲ ಬಾಗಿ, ಹೊಸ್ತಿಲಾಚೆ ಇಟ್ಟಿರುವ ಬೂದಿ ತುಂಬಿದ ಪಾತ್ರೆಯಲ್ಲಿ ಚುಚ್ಚಿ ಹೋಗುತ್ತಾರೆ. ಅದೇ ಬೀದಿಯಲ್ಲಿ 1878ರ ಯಹೂದಿ ಪ್ರಾರ್ಥನಾ ಮಂದಿರವೂ ಇದೆ. ಸಿಂಗಪುರದ ಬಗ್ಗೆ ಹೇಳುವ ಬಹುಜನಾಂಗೀಯತೆ ಎಂಬ ದೊಡ್ಡ ಮಾತು ಸರ್ಕಾರದ ಪೋಸ್ಟರಿಗಿಂತ ಈ ಬೀದಿಯಲ್ಲಿ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಅರಬ್ ಸ್ಟ್ರೀಟಿನ ಮಸೀದಿಯನ್ನು ಅಗತ್ಯವಾಗಿ ನೋಡಿ, ಹತ್ತೇ ನಿಮಿಷದ ನಡಿಗೆ. 1932ರಲ್ಲಿ ಪೂರ್ಣಗೊಂಡ ಸುಲ್ತಾನ್ ಮಸೀದಿಯ ಚಿನ್ನದ ಬಣ್ಣದ ಗುಮ್ಮಟವನ್ನು ಎಲ್ಲರೂ ಫೋಟೋ ತೆಗೆಯುತ್ತಾರೆ, ಆದರೆ ಗುಮ್ಮಟದ ಬುಡದಲ್ಲಿ ಸುತ್ತಲೂ ಇರುವ ಕಪ್ಪು ಪಟ್ಟಿಯನ್ನು ಗಮನಿಸುವವರು ಕಡಿಮೆ. ಅದು ಗಾಜಿನ ಬಾಟಲಿಗಳ ತಳಗಳನ್ನು ಒತ್ತೊತ್ತಾಗಿ ಕೂರಿಸಿ ಮಾಡಿದ ಪಟ್ಟಿ. ಹಣ ಕೊಡಲಾಗದ ಬಡವರೂ ಕಟ್ಟಡದಲ್ಲಿ ಪಾಲುಗೊಳ್ಳಲೆಂದು ಅವರಿಂದ ಬಾಟಲಿಗಳನ್ನು ದಾನವಾಗಿ ಪಡೆದರಂತೆ.

ಚೈನಾಟೌನ್ ಅನ್ನು ಮಾತ್ರ ಆ ದಿನ ಬಿಟ್ಟುಬಿಡಿ. ಪಗೋಡಾ ಸ್ಟ್ರೀಟಿನ ಅಂಗಡಿಗಳಲ್ಲಿ ಕೀಚೈನು, ಫ್ರಿಜ್ಜಿಗೆ ಅಂಟಿಸುವ ಗೊಂಬೆಗಳನ್ನು ಬಿಟ್ಟರೆ ಹೆಚ್ಚೇನೂ ಉಳಿದಿಲ್ಲ.

ಉತ್ತರ: ಕುವೆಂಪುನಗರ ನಿವಾಸಿ

ಒಂಟಿಕೊಪ್ಪಲಿನ ಮೇಡಂ ಅವರ ವಾಟರ್‌ಲೂ ಸ್ಟ್ರೀಟಿನ ಸಲಹೆಗೆ ನನ್ನ ಪೂರ್ಣ ಸಹಮತವಿದೆ. ಚೈನಾಟೌನ್ ಬಗ್ಗೆ ಅವರು ಸ್ವಲ್ಪ ಕಠಿಣವಾದರು. ಪಗೋಡಾ ಸ್ಟ್ರೀಟಿಗೆ ಆ ಹೆಸರು ಬಂದದ್ದೇ ಅದರ ಮೂಲೆಯಲ್ಲಿರುವ ಶ್ರೀ ಮಾರಿಯಮ್ಮನ್ ದೇವಸ್ಥಾನದ ಗೋಪುರದಿಂದ. 1827ರಲ್ಲಿ ಸ್ಥಾಪನೆಯಾದ ಅದು ಆ ದೇಶದ ಅತ್ಯಂತ ಹಳೆಯ ಹಿಂದೂ ದೇವಸ್ಥಾನ. ದೀಪಾವಳಿಗೆ ಒಂದು ವಾರದಷ್ಟು ಮೊದಲು ಅಲ್ಲಿ ಕೊಂಡ ಹಾಯುವ ಉತ್ಸವ ನಡೆಯುತ್ತದೆ. ಅದರ ಆಚೆ ಮೂಲೆಯಲ್ಲಿ ತಮಿಳು ಮುಸಲ್ಮಾನರು ಕಟ್ಟಿದ ಜಾಮೆ ಮಸೀದಿ, ರಸ್ತೆಯ ಇನ್ನೊಂದು ತುದಿಗೆ ಬೌದ್ಧ ದೇವಾಲಯ. ನವರಾತ್ರಿಯಲ್ಲಿ ಅಮ್ಮನ ದರ್ಶನ ಮಾಡಿದೆನೆಂಬ ಸಮಾಧಾನ ಅತ್ತೆಯವರಿಗೂ ಇರುತ್ತದೆ. ಆದರೆ ಎರಡು ಕಡೆಯೂ ಹೋಗಲು ಕಾಲಿನ ಶಕ್ತಿ ಸಾಲದೆ ಹೋದರೆ ವಾಟರ್‌ಲೂ ಸ್ಟ್ರೀಟನ್ನೇ ಆರಿಸಿಕೊಳ್ಳಿ, ಏಕೆಂದರೆ ಅದು ನಿಮ್ಮ ಹೋಟೆಲಿನ ಪಕ್ಕದಲ್ಲೇ ಇದೆ.

ಉತ್ತರ: ವಿ.ವಿ. ಮೊಹಲ್ಲಾ

ಮಂಡಿನೋವಿನವರ ಬಗ್ಗೆ ಒಂದು ಮಾತು. ಅಲ್ಲಿಯ ಮೆಟ್ರೋ ನಿಲ್ದಾಣಗಳಲ್ಲಿ ಎಸ್ಕಲೇಟರುಗಳ ವೇಗ ನಮ್ಮಲ್ಲಿಗಿಂತ ಹೆಚ್ಚು. ಹಿರಿಯರು ಕಾಲಿಡುವಾಗ ತಡವರಿಸುತ್ತಾರೆ. ಪ್ರತಿ ನಿಲ್ದಾಣದಲ್ಲೂ ಲಿಫ್ಟ್ ಇದೆ, ಅದರ ಗುರುತನ್ನು ಮೊದಲೇ ನೋಡಿಕೊಂಡು ಆ ದ್ವಾರದಿಂದಲೇ ಹೋಗಿ. ರೈಲಿನಲ್ಲಿ ತಿನ್ನುವುದಿರಲಿ, ನೀರು ಕುಡಿಯುವುದೂ ನಿಷಿದ್ಧ, ದಂಡ 500 ಡಾಲರಿನವರೆಗೆ ಬೀಳಬಹುದು. ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗಿನ ಮಳೆ ಸಾಮಾನ್ಯ. ಹಳೆಯ ಬೀದಿಗಳಲ್ಲಿ ಅಂಗಡಿಗಳ ಮುಂದೆ ಮುಚ್ಚಿಗೆಯಿರುವ ಜಗಲಿ ಉದ್ದಕ್ಕೂ ಇರುತ್ತದೆ. ಪ್ರತಿ ಮನೆಯೂ ಇಂಥ ಜಗಲಿ ಬಿಡಬೇಕೆಂದು ಆಧುನಿಕ ಸಿಂಗಪುರದ ಸ್ಥಾಪಕ, ಬ್ರಿಟಿಷ್ ಅಧಿಕಾರಿ ರ‍್ಯಾಫಲ್ಸ್ 1822ರ ನಗರ ಯೋಜನೆಯಲ್ಲೇ ವಿಧಿಸಿದ್ದರಿಂದ, ಮಳೆಗೂ ಬಿಸಿಲಿಗೂ ಅದೇ ಆಸರೆ. ಛತ್ರಿ ಒಂದಿದ್ದರೆ ಸಾಕು, ರೇನ್‌ಕೋಟಿನ ಗೋಜು ಬೇಡ.

ಪ್ರತಿಕ್ರಿಯೆ: ಮಂಡ್ಯದ ಪ್ರಯಾಣಿಕ

ಎಲ್ಲರಿಗೂ ಅನಂತ ಧನ್ಯವಾದಗಳು. ಪಟ್ಟಿಯಿಂದ ಮರ್ಲಯನ್, ಆರ್ಚರ್ಡ್, ಮುಸ್ತಾಫಾ ಮೂರನ್ನೂ ಹೊಡೆದುಹಾಕಿದ್ದೇನೆ. ಮನೆಯಲ್ಲಿ ಶಾಂತಿ ನೆಲೆಸಿದೆ. ಬೆಳಿಗ್ಗೆ ಬೊಟಾನಿಕ್ ಗಾರ್ಡನ್ಸ್, ಹನ್ನೊಂದಕ್ಕೆ ಲಿಟಲ್ ಇಂಡಿಯಾ, ಊಟಕ್ಕೆ ಫಾರ್ಚೂನ್ ಸೆಂಟರ್, ವಿಶ್ರಾಂತಿ, ನಾಲ್ಕರ ಮೇಲೆ ವಾಟರ್‌ಲೂ ಸ್ಟ್ರೀಟ್ ಮತ್ತು ಮಸೀದಿ, ರಾತ್ರಿ ಗಾರ್ಡನ್ಸ್ ಬೈ ದ ಬೇ ಎಂದು ತೀರ್ಮಾನವಾಗಿದೆ. ಚೈನಾಟೌನ್ ಅನ್ನು ಅತ್ತೆಯವರ ಇಚ್ಛೆಗೆ ಬಿಟ್ಟಿದ್ದೇವೆ.

ಇನ್ನೊಂದು ಸಂದೇಹ. ಹಾಕರ್ ಸೆಂಟರಿನಲ್ಲಿ ಮಾಂಸದ ಅಂಗಡಿಗಳ ನಡುವೆ ಕುಳಿತು ತಿನ್ನುವುದಕ್ಕೆ ಅತ್ತೆಯವರು ಮನಸ್ಸು ಮಾಡುವರೋ ಇಲ್ಲವೋ ತಿಳಿಯದು. ಆದರೂ ಮಗಳಿಗೆ ಒಂದು ಹೊತ್ತಾದರೂ ಅಲ್ಲಿಯೇ ತಿನ್ನಬೇಕೆಂಬ ಹಟವಿದೆ. ಏನು ಕೇಳಬೇಕು, ಯಾವುದರಿಂದ ದೂರವಿರಬೇಕು? ಬೆಳಗಿನ ಕಾಫಿಯ ಸಂಗತಿಯನ್ನೂ ತಿಳಿಸಿ. ಅದಿಲ್ಲದೆ ನಮ್ಮ ಮನೆಯಲ್ಲಿ ಯಾರೂ ಹೊರಡುವುದಿಲ್ಲ.

ಉತ್ತರ: ಒಂಟಿಕೊಪ್ಪಲಿನವಳು

ಅತ್ತೆಯವರನ್ನು ಒತ್ತಾಯಿಸಬೇಡಿ, ಮಧ್ಯಾಹ್ನ ಫಾರ್ಚೂನ್ ಸೆಂಟರಿನಲ್ಲಿ ನೆಮ್ಮದಿಯಾಗಿ ಉಂಡರೆ ಸಂಜೆ ಮಗಳ ಸರದಿಗೆ ಅವರು ತಾವಾಗಿಯೇ ಒಪ್ಪಿಯಾರು. ಆದರೆ ಅಲ್ಲಿಗೆ ಕರೆದೊಯ್ಯುವ ಮೊದಲು ಒಂದು ವಿಷಯವನ್ನು ಅವರಿಗೆ ತಿಳಿಸಿಡಿ. ಚೀನೀ ಸಸ್ಯಾಹಾರದಲ್ಲಿ ಸೋಯಾ ಮತ್ತು ಗೋಧಿಯ ಅಂಟಿನಿಂದ ಮಾಡಿದ ಕೃತಕ ಮಾಂಸ ಧಾರಾಳವಾಗಿರುತ್ತದೆ. ಚರ್ಮದ ಗೆರೆಗಳನ್ನೂ ಬಿಡದೆ ಅಚ್ಚುಕಟ್ಟಾಗಿ ಮಾಡಿದ ‘ಬಾತುಕೋಳಿ’ಯ ಹೋಳು, ಕಡಲಪಾಚಿಯನ್ನು ಹೊರಗೆ ಅಂಟಿಸಿ ಕರಿದ ‘ಮೀನು’ ತಟ್ಟೆಯಲ್ಲಿ ಬಂದು ಕುಳಿತಾಗ, ಅದು ಸೋಯಾ ಎಂದು ನೀವು ಎಷ್ಟು ಆಣೆಯಿಟ್ಟರೂ ನಂಬುವುದು ಅವರಿಗೆ ಕಷ್ಟವಾಗುತ್ತದೆ. ಆದ್ದರಿಂದ ಬೀಹೂನ್ ಎಂಬ ಸಣ್ಣ ಅಕ್ಕಿಶ್ಯಾವಿಗೆ, ಎಲೆಕೋಸು, ತೋಫು, ಅಣಬೆ ಇಷ್ಟನ್ನು ಬೆರಳು ತೋರಿಸಿ ಕೇಳಿ. ಕೆಲವು ಸಸ್ಯಾಹಾರಿ ಅಂಗಡಿಗಳಲ್ಲಿ ಮೊಟ್ಟೆ ಬಳಸುತ್ತಾರೆ, ಅದನ್ನು ಪ್ರತಿ ಸಲವೂ ವಿಚಾರಿಸಬೇಕು.

ಸಾಮಾನ್ಯ ಅಂಗಡಿಗಳಲ್ಲಿ ‘ತರಕಾರಿ’ ಎಂದು ಬರೆದಿದ್ದನ್ನು ನಂಬಬೇಡಿ. ಸೊಪ್ಪಿನ ಹುರಿಗೆ ಸಿಗಡಿಯ ಹಿಂಡಿಯನ್ನೋ ಸಿಂಪಿಯ ಸಾಸನ್ನೋ ಹಾಕಿರುತ್ತಾರೆ. ಲಕ್ಸಾ ಎಂಬ ತೆಂಗಿನಹಾಲಿನ ಸಾರಿನಲ್ಲಿ ಒಣ ಸಿಗಡಿ ಅರೆದಿರುತ್ತಾರೆ. ಭಾರತೀಯ ಮುಸಲ್ಮಾನರ ಅಂಗಡಿಯ ರೋಟಿ ಪರಾಟ ನಮ್ಮ ಪರೋಟದ ಬಂಧುವೇ, ಆದರೆ ಜೊತೆಗೆ ಬರುವ ಸಾರು ಮೀನಿನದಾಗಿರಬಹುದು, ಬೇಳೆಯದನ್ನೇ ಕೊಡಿ ಎಂದು ಹೇಳಿ. ಸಿಹಿಯಲ್ಲಿ ಪುಟು ಪಿರಿಂಗ್‌ಗೆ ಭಯಪಡಬೇಕಿಲ್ಲ. ಪುಟು ಪಿರಿಂಗ್ ಎಂದರೆ ಅಕ್ಕಿಹಿಟ್ಟಿನ ನಡುವೆ ತಾಳೆಬೆಲ್ಲವಿಟ್ಟು ಹಬೆಯಲ್ಲಿ ಬೇಯಿಸಿ, ಕಾಯಿತುರಿಯ ಜೊತೆ ಕೊಡುವ ಬಿಲ್ಲೆ. ಮುರಿದಾಗ ಒಳಗಿನ ಬೆಲ್ಲ ಕರಗಿ ಬೆರಳಿಗೆ ಇಳಿಯುತ್ತದೆ, ಬಿಸಿಯಿರುವಾಗಲೇ ತಿನ್ನಬೇಕು. ಮಂಡ್ಯದವರಾದ ನಿಮಗೆ ಕಬ್ಬಿನ ಹಾಲಿನ ಅಂಗಡಿಯೂ ಎಲ್ಲ ಕಡೆ ಕಾಣುತ್ತದೆ, ನಿಂಬೆ ಹಿಂಡಿಸಿಕೊಳ್ಳಿ. ಊರಿನ ಬೆಲೆ ನೆನಪಿಸಿಕೊಂಡು ಕುಡಿಯಬೇಡಿ, ಅಷ್ಟೇ.

ಕಾಫಿಯನ್ನು ಅಲ್ಲಿ ಉದ್ದನೆಯ ಬಟ್ಟೆಯ ಸೋಸುಚೀಲದಲ್ಲಿ ಇಳಿಸುತ್ತಾರೆ. ಬೀಜವನ್ನು ಸಕ್ಕರೆ ಮತ್ತು ಬೆಣ್ಣೆ ಅಥವಾ ಮಾರ್ಗರೀನ್ ಜೊತೆ ಹುರಿದಿರುವುದರಿಂದ ಡಿಕಾಕ್ಷನ್ ಗಾಢವಾಗಿ, ಸ್ವಲ್ಪ ಸುಟ್ಟ ವಾಸನೆಯಿಂದ ಕೂಡಿರುತ್ತದೆ. ಬರೀ ‘ಕೋಪಿ’ ಎಂದರೆ ಗಟ್ಟಿ ಸಿಹಿ ಹಾಲು ಸುರಿದು ಕೊಡುತ್ತಾರೆ, ಅದು ನಮಗೆ ಪಾಯಸವೆನಿಸುತ್ತದೆ. ‘ಕೋಪಿ ಸಿ’ ಎಂದು ಕೇಳಿ, ‘ಸಿಯು ದಾಯ್’ ಎಂದು ಸೇರಿಸಿದರೆ ಸಿಹಿಯಿಲ್ಲದ ಗಟ್ಟಿ ಹಾಲು ಮತ್ತು ಕಡಿಮೆ ಸಕ್ಕರೆಯ ಲೋಟ ಬರುತ್ತದೆ. ನಮ್ಮ ನಾಲಿಗೆಗೆ ಹತ್ತಿರವಾದದ್ದು ಅದೇ. ಜೊತೆಗೆ ಎಲ್ಲರೂ ಹೊಗಳುವ ಕಾಯಾ ಟೋಸ್ಟಿನಲ್ಲಿ ತೆಂಗಿನಹಾಲಿನ ಜೊತೆ ಮೊಟ್ಟೆಯಿದೆ. ನಿಮಗೆ ಮೂವರಿಗೆ ಆಗುತ್ತದೆ, ಅತ್ತೆಯವರಿಗೆ ಬೆಣ್ಣೆ ಸಕ್ಕರೆಯ ಟೋಸ್ಟ್ ಹೇಳಿ.

ಕುಳಿತುಕೊಳ್ಳುವ ಮೊದಲು ಮೇಜಿನ ಮೇಲೆ ಟಿಶ್ಯೂ ಪೊಟ್ಟಣವೇನಾದರೂ ಇದೆಯೇ ನೋಡಿ, ಇದ್ದರೆ ಆ ಜಾಗವನ್ನು ಯಾರೋ ಹಿಡಿದಿಟ್ಟಿದ್ದಾರೆಂದು ಅರ್ಥ. ಬಸ್ಸಿನ ಸೀಟಿಗೆ ಟವೆಲು ಹಾಕಿ ಬೆಳೆದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ತಿಂದಾದ ಮೇಲೆ ತಟ್ಟೆಯನ್ನು ನೀವೇ ಒಯ್ದು ನಿಗದಿತ ಕಪಾಟಿನಲ್ಲಿಡಬೇಕು, 2021ರಿಂದ ಅದು ಕಡ್ಡಾಯ. ಸಣ್ಣ ಅಂಗಡಿಗಳಿಗೆ ಚಿಲ್ಲರೆ ನೋಟುಗಳನ್ನು ಇಟ್ಟುಕೊಳ್ಳಿ.

ಉತ್ತರ: ಕುವೆಂಪುನಗರ ನಿವಾಸಿ

ರಾತ್ರಿಯ ವಿಚಾರವಾಗಿ ಇಷ್ಟನ್ನು ಸೇರಿಸುತ್ತೇನೆ. ಗಾರ್ಡನ್ಸ್ ಬೈ ದ ಬೇ ಉದ್ಯಾನದಲ್ಲಿ ಮರದ ಆಕಾರದಲ್ಲಿ ಕಟ್ಟಿರುವ, 25ರಿಂದ 50 ಮೀಟರ್ ಎತ್ತರದ ಉಕ್ಕಿನ ‘ಮರ’ಗಳ ಅಡಿಯಲ್ಲಿ ನಡೆಯುವ ಬೆಳಕು ಮತ್ತು ಸಂಗೀತದ ಪ್ರದರ್ಶನ ಏಳು ಮುಕ್ಕಾಲಿಗೊಮ್ಮೆ, ಎಂಟು ಮುಕ್ಕಾಲಿಗೊಮ್ಮೆ ಇರುತ್ತದೆ, ಟಿಕೆಟ್ ಬೇಡ. ಕೆ.ಆರ್.ಎಸ್. ಬೃಂದಾವನದ ಕಾರಂಜಿಯನ್ನು ನೋಡುತ್ತಾ ಬೆಳೆದವರಿಗೆ ಇದರಲ್ಲಿ ಏನಿದೆ ಎಂದು ನೀವು ಕೇಳಬಹುದು. ಅಲ್ಲಿ ನಿಂತು ನೋಡುತ್ತೇವೆ, ಇಲ್ಲಿ ಜನರೆಲ್ಲ ಮರಗಳ ಬುಡದಲ್ಲಿ ಅಂಗಾತ ಮಲಗಿ ನೋಡುತ್ತಾರೆ. ಅತ್ತೆಯವರಿಗೆ ಹಾಸಿಕೊಳ್ಳಲು ಒಂದು ಜಮಖಾನೆ ಅಥವಾ ಹಳೆಯ ಬೆಡ್‌ಶೀಟನ್ನು ಬ್ಯಾಗಿನಲ್ಲಿ ಹಾಕಿಕೊಳ್ಳಿ. ಏಳೂಕಾಲರೊಳಗೆ ಹೋದರೆ ನಡುಭಾಗದಲ್ಲಿ ಜಾಗ ಸಿಗುತ್ತದೆ. ಮುಗಿದ ತಕ್ಷಣ ಎಲ್ಲರೂ ಒಮ್ಮೆಲೇ ಬೇಫ್ರಂಟ್ ನಿಲ್ದಾಣಕ್ಕೆ ನುಗ್ಗುವುದರಿಂದ ಕಾಲು ಗಂಟೆ ಅಲ್ಲಿಯೇ ಕುಳಿತಿದ್ದು, ಆಮೇಲೆ ಲಿಫ್ಟ್ ಇರುವ ದ್ವಾರದಿಂದ ಇಳಿಯಿರಿ. ಬೂಗಿಸ್ ಅಲ್ಲಿಂದ ಎರಡನೆಯ ನಿಲ್ದಾಣ.